ಓದುಗರ ಪ್ರಶ್ನೆ: ಗುಟ್ಟು ಕಾಯ್ದ ಭಾಷೆ, ಬಾಕಿ ಉಳಿದ ಸಂಬಳ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನವಾಹೋ ಮೂಲನಿವಾಸಿಗಳು ವೈರ್‌ಲೆಸ್‌ನಲ್ಲಿ ತಮ್ಮ ಭಾಷೆಯಲ್ಲೇ ಮಾತಾಡಿ ಜಪಾನೀಯರಿಗೆ ಏನೂ ತಿಳಿಯದಂತೆ ಮಾಡಿದರಂತೆ. ಒಬ್ಬ ನವಾಹೋ ಸೆರೆ ಸಿಕ್ಕಿದ್ದರೂ ಎಲ್ಲ ಬಯಲಾಗುತ್ತಿತ್ತಲ್ಲವೆ?

ಉತ್ತರ: ಒಬ್ಬ ಸಿಕ್ಕಿಯೇ ಇದ್ದ, ಆದರೂ ಬಯಲಾಗಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಸೆರೆಯಾದ ಜೋ ಕಿಯೋಮಿಯಾ ಎಂಬ ನವಾಹೋ ಸೈನಿಕನಿಗೆ ಜಪಾನೀಯರು ಈ ಸಂದೇಶಗಳನ್ನು ಕೇಳಿಸಿ, ಅರ್ಥ ಹೇಳೆಂದು ಚಿತ್ರಹಿಂಸೆ ಕೊಟ್ಟರು. ಬಿಡಿ ಪದಗಳು ಅವನಿಗೆ ತಿಳಿದವು. ಆದರೆ ಆಮೆ, ಮೊಟ್ಟೆ, ಕುರಿ, ಸೋದರಮಾವ ಎಂದು ಒಂದಕ್ಕೊಂದು ತಾಳೆಯಾಗದ ಮಾತುಗಳಿಂದ ಅವನು ಏನು ಹೇಳಿಯಾನು? ಸಂಕೇತದ ತರಬೇತಿ ಅವನಿಗೆ ಆಗಿರಲಿಲ್ಲ. ಭಾಷೆ ಒಂದು ಬೀಗವಾದರೆ ಅದರೊಳಗೆ ಇನ್ನೊಂದು ಬೀಗ ಇತ್ತು.

ಆ ಎರಡನೇ ಬೀಗ ಮಾಡಿದವರು 1942ರಲ್ಲಿ ಮರೀನ್ ಪಡೆ ಸೇರಿದ 29 ನವಾಹೋ ಯುವಕರು. ಅವರ ಪಟ್ಟಿಯಲ್ಲಿ ಮೊದಲು ಇನ್ನೂರಕ್ಕೆ ಸ್ವಲ್ಪ ಮೇಲೆ ಪದಗಳಿದ್ದವು, ಯುದ್ಧ ಮುಗಿಯುವ ಹೊತ್ತಿಗೆ ನಾನೂರು ದಾಟಿದವು. ಪದೇ ಪದೇ ಬೇಕಾಗುವ ಮಾತಿಗೆ ನೇರ ಸಂಕೇತ: ಟ್ಯಾಂಕ್ ಎಂದರೆ ಆಮೆ, ಸಬ್‌ಮರೀನ್ ಎಂದರೆ ಕಬ್ಬಿಣದ ಮೀನು, ಬಾಂಬ್ ಎಂದರೆ ಮೊಟ್ಟೆ. ಪಟ್ಟಿಯಲ್ಲಿ ಇಲ್ಲದ್ದನ್ನು, ಮುಖ್ಯವಾಗಿ ಊರು, ಬೆಟ್ಟ, ದ್ವೀಪಗಳ ಹೆಸರುಗಳನ್ನು, ಅಕ್ಷರ ಬಿಡಿಸಿ ಹೇಳಬೇಕು.

ಇವೋ ಜಿಮಾ ದ್ವೀಪದ ಸುರಿಬಾಚಿ ಬೆಟ್ಟವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರ ಎಸ್. ಹೇಳುವವನು ‘ದಿಬೆ’ ಎನ್ನುತ್ತಾನೆ. ನವಾಹೋದಲ್ಲಿ ಅದು ಕುರಿ. ಕೇಳುವವನು ಅದನ್ನು ಇಂಗ್ಲಿಷಿನ ಶೀಪ್ ಮಾಡಿಕೊಂಡು, ಮೊದಲಕ್ಷರ ಎಸ್ ಅನ್ನಷ್ಟೇ ಬರೆದುಕೊಳ್ಳುತ್ತಾನೆ. ಮುಂದಿನದು ‘ಶಿದಾ’, ಸೋದರಮಾವ, ಅಂಕಲ್, ಆದ್ದರಿಂದ ಯು. ‘ಶುಷ್’ ಎಂದರೆ ಕರಡಿ, ಬೇರ್, ಅಲ್ಲಿಗೆ ಬಿ. ‘ವೊಲ್ಲಾಚೀ’ ಇರುವೆ, ಆಂಟ್, ಅದು ಎ. ಸುರಿಬಾಚಿಯಲ್ಲಿ ಐ ಎರಡು ಸಲ ಬರುತ್ತದೆ. ಎರಡಕ್ಕೂ ಒಂದೇ ಪದ ಬಳಸಬೇಕಿಲ್ಲ. ಒಮ್ಮೆ ಮಂಜುಗಡ್ಡೆ (ಐಸ್), ಇನ್ನೊಮ್ಮೆ ತುರಿಕೆ (ಇಚ್).

ಈ ಪರ್ಯಾಯ ಪದಗಳು ಮೊದಲಿಗೆ ಇರಲಿಲ್ಲ. 26 ಅಕ್ಷರಕ್ಕೆ 26 ಪದ ಎಂದಷ್ಟೇ ಇಟ್ಟರೆ, ಇಂಗ್ಲಿಷಿನಲ್ಲಿ ಹೆಚ್ಚು ಬರುವ ಅಕ್ಷರದ ಪದವೇ ಹೆಚ್ಚು ಸಲ ಕಿವಿಗೆ ಬೀಳುತ್ತದೆ. ಎಣಿಸುತ್ತ ಕೂತವನು ಭಾಷೆ ಬಾರದಿದ್ದರೂ ಜಾಡು ಹಿಡಿಯಬಲ್ಲ. ಅದಕ್ಕಾಗಿ ಇ, ಟಿ, ಎ, ಒ, ಐ, ಎನ್ ಈ ಆರಕ್ಕೆ ತಲಾ ಎರಡು ಪದ ಹೆಚ್ಚುವರಿಯಾಗಿ ಸೇರಿಸಿದರು. ಎಸ್, ಎಚ್, ಆರ್, ಡಿ, ಎಲ್, ಯು ಇವಕ್ಕೆ ತಲಾ ಒಂದು. ಒಟ್ಟು 44 ಆಯಿತು.

ಪ್ರಶ್ನೆ: ಇಷ್ಟು ಸುತ್ತು ಬಳಸಿದರೆ ತಡವಾಗುತ್ತಿರಲಿಲ್ಲವೆ? ತಪ್ಪಾಗುತ್ತಿರಲಿಲ್ಲವೆ?

ಉತ್ತರ: ತಡವಾಗುತ್ತಿದ್ದದ್ದು ಆಗ ಬಳಸುತ್ತಿದ್ದ ಸಂಕೇತ ಯಂತ್ರದಲ್ಲಿ. ಅದರಲ್ಲಿ ಸಂದೇಶವನ್ನು ಸಂಕೇತಕ್ಕೆ ತಿರುಗಿಸಿ, ಕಳಿಸಿ, ಆಚೆ ಕಡೆ ಮತ್ತೆ ಬಿಡಿಸಬೇಕಿತ್ತು. ನವಾಹೋಗಳು ಬಾಯಲ್ಲೇ ಸೆಕೆಂಡುಗಳಲ್ಲಿ ಮುಗಿಸುತ್ತಿದ್ದರು. ಪೂರ್ತಿ ಪಟ್ಟಿ ಬಾಯಿಪಾಠ. ಪುಸ್ತಕ ರಣರಂಗಕ್ಕೆ ಒಯ್ಯುವಂತಿರಲಿಲ್ಲ, ಹಾಗಾಗಿ ಶತ್ರುವಿನ ಕೈಗೆ ಸಿಗುವುದಕ್ಕೂ ಏನೂ ಇರಲಿಲ್ಲ. 1945ರ ಫೆಬ್ರವರಿಯಲ್ಲಿ ಇವೋ ಜಿಮಾದಲ್ಲಿ ಮೊದಲ ಎರಡು ದಿನ ಆರು ಮಂದಿ ಹಗಲಿರುಳು ಕೂತು ಎಂಟುನೂರಕ್ಕೂ ಹೆಚ್ಚು ಸಂದೇಶ ಸಾಗಿಸಿದರು, ಒಂದೂ ತಪ್ಪಲಿಲ್ಲ ಎಂದು 5ನೇ ಮರೀನ್ ಡಿವಿಷನ್ನಿನ ಮೇಜರ್ ಹೊವಾರ್ಡ್ ಕಾನರ್ ಹೇಳಿದ್ದಾರೆ.

ಎಡವಟ್ಟಾದದ್ದು ಸ್ವಂತ ಪಾಳೆಯದಲ್ಲೇ. ಪೆಸಿಫಿಕ್‌ನ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಈ ಮಾತು ಮೊದಲು ಕಿವಿಗೆ ಬಿದ್ದಾಗ, ಜಪಾನೀಯರೇ ತಮ್ಮ ತರಂಗಕ್ಕೆ ನುಗ್ಗಿದ್ದಾರೆಂದು ಅಮೆರಿಕದ ಆಪರೇಟರುಗಳು ಗಾಬರಿಯಾದರು. ಚಹರೆ ನೋಡಿ ಜಪಾನೀ ಎಂದುಕೊಂಡು ನವಾಹೋಗಳನ್ನೇ ಹಿಡಿದದ್ದೂ ಉಂಟು.

ಪ್ರಶ್ನೆ: ಈ ಉಪಾಯ ಮಾಡಿದವರಲ್ಲಿ ಇವರೇ ಮೊದಲಿಗರೆ?

ಉತ್ತರ: ಅಲ್ಲ. 1918ರ ಅಕ್ಟೋಬರಿನಲ್ಲಿ, ಫ್ರಾನ್ಸ್‌ನಲ್ಲಿ, ಜರ್ಮನ್ನರು ಅಮೆರಿಕನ್ನರ ಟೆಲಿಫೋನ್ ತಂತಿ ಕದ್ದು ಕೇಳುತ್ತಿದ್ದರು. ಆಗ 36ನೇ ಡಿವಿಷನ್ನಿನ ಚಾಕ್ಟಾ ಸೈನಿಕರನ್ನು ಫೋನಿಗೆ ಕೂರಿಸಲಾಯಿತು. ಅವರ ಭಾಷೆಯಲ್ಲಿ ಸೈನ್ಯದ ಪರಿಭಾಷೆ ಇರಲಿಲ್ಲ. ಫಿರಂಗಿಗೆ ‘ದೊಡ್ಡ ಬಂದೂಕು’, ಮೆಷಿನ್‌ಗನ್ನಿಗೆ ‘ಬೇಗ ಹೊಡೆಯುವ ಚಿಕ್ಕ ಬಂದೂಕು’ ಎಂದು ಅಲ್ಲೇ ಹೊಸೆದರು. ಬೆಟಾಲಿಯನ್ನುಗಳು ಒಂದು, ಎರಡು, ಮೂರು ಜೋಳದ ಕಾಳುಗಳಾದವು. ಆಗ ಮೂಲನಿವಾಸಿಗಳಲ್ಲಿ ಅನೇಕರಿಗೆ ಅಮೆರಿಕದ ಪೌರತ್ವವೇ ಇರಲಿಲ್ಲ. ಎಲ್ಲರಿಗೂ ಅದು ಸಿಕ್ಕಿದ್ದು 1924ರ ಕಾಯ್ದೆಯಿಂದ.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಇವರಿಗೆ ಸಿಕ್ಕಿದ್ದೇನು?

ಉತ್ತರ: ನವಾಹೋಗಳಿಗೆ ಸಿಕ್ಕಿದ್ದು ಬಾಯಿ ಮುಚ್ಚಿಕೊಂಡಿರಿ ಎಂಬ ಆದೇಶ. ಸಂಕೇತದ ಗುಟ್ಟು ಬಿಡುಗಡೆಯಾದದ್ದು 1968ರಲ್ಲಿ, ಮೊದಲ 29 ಜನರಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಚಿನ್ನದ ಪದಕ ಬಂದದ್ದು 2001ರಲ್ಲಿ. ಆ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ತೀರಿಕೊಂಡಿದ್ದರು. ಅರಿಝೋನಾ ಮತ್ತು ನ್ಯೂ ಮೆಕ್ಸಿಕೋದಲ್ಲಿ ಮತ ಹಾಕಲು 1948ರ ಕೋರ್ಟ್ ತೀರ್ಪುಗಳವರೆಗೆ ಕಾಯಬೇಕಾಯಿತು.

ಕೆನಡಾದ ಮೂಲನಿವಾಸಿ ಯೋಧರ ಕಥೆ ಹಣದ್ದು. ಇತರ ಯೋಧರಿಗೆ ಜಮೀನಿಗಾಗಿ 6,000 ಡಾಲರ್‌ವರೆಗೆ ಸಾಲದ ಹಾದಿ ಇತ್ತು. ಮೂಲನಿವಾಸಿಗಳಿಗೆಂದು ಬಿಟ್ಟ ಮೀಸಲು ಪ್ರದೇಶದ ಭೂಮಿಯನ್ನು ಅಡವಿಡುವಂತಿರಲಿಲ್ಲವಾದ್ದರಿಂದ ಅಲ್ಲಿಗೆ ಮರಳಿದವರಿಗೆ ಹೆಚ್ಚೆಂದರೆ 2,320 ಡಾಲರ್ ಅನುದಾನ. ಅದೂ ಸರಕಾರಿ ಏಜೆಂಟನ ಮೂಲಕ.

ಎಲ್ಲಕ್ಕಿಂತ ನಾಚಿಕೆಗೇಡಿನ ಲೆಕ್ಕ ಆಸ್ಟ್ರೇಲಿಯಾದ್ದು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಣ ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ಲೈಟ್ ಇನ್‌ಫೆಂಟ್ರಿ ಬೆಟಾಲಿಯನ್ನಿಗೆ ಎಂಟುನೂರಕ್ಕೂ ಹೆಚ್ಚು ಜನ ಸೇರಿದ್ದರು. ಬಿಳಿಯ ಸೈನಿಕನ ಸಂಬಳದ ಮೂರನೇ ಒಂದು ಪಾಲು ಇವರದು. 1943ರ ಕೊನೆಯಲ್ಲಿ ಕೆಲಸ ನಿಲ್ಲಿಸಿ ಕೂತ ಮೇಲೆ ಮೂರನೇ ಎರಡು ಪಾಲಾಯಿತು. ಉಳಿದ ಬಾಕಿ ಕೊಡಲು ಸರಕಾರಕ್ಕೆ 1980ರ ದಶಕ ಬೇಕಾಯಿತು.