ಬಂಡೀಪುರದಲ್ಲಿ ಗಾಡಿ ನಿಲ್ಲಿಸಬಹುದಾ?

ಊಟಿಗೆ ಹೋಗುವಾಗ ಬಂಡೀಪುರದ ರಸ್ತೆ ಬದಿ ಚಾಪೆ ಹಾಸಿ ಬುತ್ತಿ ಬಿಚ್ಚಬಹುದಾ, ಗೋಪಾಲಸ್ವಾಮಿ ಬೆಟ್ಟಕ್ಕೆ ಕಾರಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ. ಎರಡೂ ಆಗಲ್ಲ.

ಊಟ ಗುಂಡ್ಲುಪೇಟೆಯಲ್ಲೇ ಮುಗಿಸಿಬಿಡಿ. ಕಾಡೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಫೋಟೋಗೆ ಇಳಿದರೂ ದಂಡ ಬೀಳುತ್ತದೆ. ಕಿಟಕಿ ಇಳಿಸಿ ಬಾಳೆಹಣ್ಣು ಎಸೆಯುವವರಿದ್ದಾರೆ. ಅದಕ್ಕೇ ಕೋತಿಗಳು ಟಾರ್ ರಸ್ತೆ ಬಿಟ್ಟು ಕದಲುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ. ಆನೆ ಅಡ್ಡ ಬಂದರೆ ದೂರದಲ್ಲೇ ನಿಲ್ಲಿ, ಹಾರನ್ ಮಾತ್ರ ಬೇಡ.

ಬೆಟ್ಟಕ್ಕೆ ಕಾರು ತಪ್ಪಲಿನವರೆಗೆ ಅಷ್ಟೆ. ಅಲ್ಲಿಂದ ಕೆಎಸ್‌ಆರ್‌ಟಿಸಿ ಬಸ್ಸು. ನನ್ನ ಕೇಳಿದರೆ ಅದೇ ಆರಾಮ. ಮೇಲೆ 1,454 ಮೀಟರ್ ಎತ್ತರ, ಬೆಳಿಗ್ಗೆ ಮಂಜು ಜಾಸ್ತಿ.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನ ರಸ್ತೆ ಬಂದ್, ವಾಪಸ್ ಬರುವಾಗ ನೆನಪಿರಲಿ. ಊಟಿ ಇರುವ ನೀಲಗಿರಿ ಜಿಲ್ಲೆಗೆ ಗಾಡಿ ಒಯ್ಯಲು ಬೇಕಾದ ಇ-ಪಾಸ್ (ಆನ್‌ಲೈನ್ ಅನುಮತಿ) ಮಾಡಿಸಿದ್ದೀರಿ ಅಲ್ವಾ?