ಟೈಮ್ ಟ್ರಯಲ್‌ಗೆ ಯಾವ ಟೈರು ಹಾಕಲಿ?

ನಿಮ್ಮ ಪ್ರಶ್ನೆ ಓದಿದೆ. ಟೊಯೊಟಾ ಜಿಆರ್86 ಕಾರಿದೆ, ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇದ್ದೀರಿ, ಕಂಪನಿ ಹಾಕಿಕೊಟ್ಟ ಟೈರಿನಲ್ಲೇ ಐದಾರು ಟ್ರ್ಯಾಕ್ ಡೇ ಓಡಿಸಿದ್ದೀರಿ. ಈಗ ಥಂಡರ್‌ಹಿಲ್ ರೇಸ್ ಟ್ರ್ಯಾಕಿನಲ್ಲಿ ಟೈಮ್ ಟ್ರಯಲ್‌ಗೆ, ಅಂದರೆ ಲ್ಯಾಪಿನ ಸಮಯ ನೋಡಿ ಗೆದ್ದವರನ್ನು ತೀರ್ಮಾನಿಸುವ ಸ್ಪರ್ಧೆಗೆ, ಇಳಿಯುವ ಆಸೆ. ಕೇಳಿದವರಲ್ಲಿ ಹೆಚ್ಚಿನವರು ಯೊಕೊಹಾಮಾ ಎ052 ಅಂದರು, ಒಬ್ಬರು ನೇರ ಹೂಸಿಯರ್ ಕಂಪನಿಯ ರೇಸ್ ಟೈರಿಗೇ ಹೋಗು ಅಂದರು. ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

ನನ್ನದೂ ಅದೇ ಕಾರು, ಅದೇ ಟ್ರ್ಯಾಕು, ಮೂರು ವರ್ಷವಾಯಿತು. ನನ್ನ ಕೇಳಿದರೆ ಈ ವರ್ಷ ಎರಡೂ ಬೇಡ. ಹ್ಯಾಂಕುಕ್ ಆರ್‌ಎಸ್4 ಥರದ, ಬಿಸಿ ತಡೆದುಕೊಂಡು ನಿಧಾನವಾಗಿ ಸವೆಯುವ 200 ಟ್ರೆಡ್‌ವೇರ್ (ಸವೆತದ ಅಂಕ) ಟೈರು ಒಂದು ಸೆಟ್ ಹಾಕಿಸಿ. ಮಿಕ್ಕ ದುಡ್ಡಲ್ಲಿ ಮೊದಲು ಮುಂದಿನ ಚಕ್ರಗಳ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸರಿ ಮಾಡಿಸಿ, ಆಮೇಲೆ ಇನ್ನಷ್ಟು ಟ್ರ್ಯಾಕ್ ದಿನಗಳಿಗೆ ಹೆಸರು ಕೊಡಿ. ಮುಂದಿನ ವರ್ಷ ಇದೇ ಪ್ರಶ್ನೆಗೆ ನಿಮ್ಮ ಮಟ್ಟಿಗೆ ಉತ್ತರ ಬೇರೆಯಾಗಬಹುದು. ಹಾಗಾಗಿ ಕಾರಣಗಳನ್ನೂ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ನೀವು ಸೇರಲಿರುವ ಕ್ಲಬ್ಬಿನ ರೂಲ್‌ಬುಕ್ ತೆಗೆದು ಓದಿ. ನಾಸಾದವರ (ಬಾಹ್ಯಾಕಾಶದ ನಾಸಾ ಅಲ್ಲ, ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್) ಟೈಮ್ ಟ್ರಯಲ್‌ನಲ್ಲಿ ಕಾರಿನ ತೂಕಕ್ಕೂ ಶಕ್ತಿಗೂ ಇರುವ ಅನುಪಾತ ನೋಡಿ ವರ್ಗ ಹಂಚುತ್ತಾರೆ, ಟೈರಿನ ಆಯ್ಕೆಯೂ ಆ ಲೆಕ್ಕದೊಳಗೆ ಬರುತ್ತದೆ. ಎಸ್‌ಸಿಸಿಎದವರಲ್ಲಿ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ರಸ್ತೆ ಕಾರಿಗೆ ಹತ್ತಿರವಿರುವ ವರ್ಗಗಳಲ್ಲಿ ಟ್ರೆಡ್‌ವೇರ್ 200ಕ್ಕಿಂತ ಕಡಿಮೆ ಇರುವಂತಿಲ್ಲ. ಹೂಸಿಯರ್ ಆರ್7ರ ಮೇಲಿರುವ ಅಂಕ 40. ಅದನ್ನು ಹಾಕಿಕೊಂಡು ಹೋದರೆ ನಿಮ್ಮ ಕಾರು ಮೇಲಿನ ವರ್ಗಕ್ಕೆ ಹೋಗಿ, ಸಸ್ಪೆನ್ಷನ್ನು, ಎಂಜಿನ್ನು, ರೆಕ್ಕೆ ಎಲ್ಲ ಬದಲಾಯಿಸಿಕೊಂಡವರ ನಡುವೆ ನಿಲ್ಲುತ್ತದೆ. ಇಷ್ಟಕ್ಕೇ ನಿಮ್ಮ ಹೂಸಿಯರ್ ಪ್ರಶ್ನೆ ಈ ವರ್ಷಕ್ಕೆ ಮುಗಿಯಿತು.

ಈ 200 ಅನ್ನುವ ಅಂಕದ ಹಿನ್ನೆಲೆಯನ್ನೂ ತಿಳಿದುಕೊಳ್ಳಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಟ್ರೆಡ್‌ವೇರ್ ಅಂಕ ಟೈರಿನ ಗುಣಮಟ್ಟಕ್ಕೆ ಅಮೆರಿಕ ಸರ್ಕಾರ ಇಟ್ಟಿರುವ ಯುಟಿಕ್ಯುಜಿ ಪದ್ಧತಿಯದು. ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಊರಿನ ಸುತ್ತ ಸಾಮಾನ್ಯ ರಸ್ತೆಯಲ್ಲಿ 7,200 ಮೈಲಿ ಓಡಿಸಿ, ಜೊತೆಯಲ್ಲೇ ಓಡಿದ ಒಂದು ಮಾದರಿ ಟೈರಿನ ಸವೆತದ ಪಕ್ಕ ಇಟ್ಟು ಅಳೆಯುತ್ತಾರೆ. 100 ಅಂಕದ ಟೈರಿಗಿಂತ 200ರದ್ದು ಎರಡರಷ್ಟು ಬಾಳಬೇಕು ಅನ್ನುವುದು ಲೆಕ್ಕ. ಆದರೆ ಅಂಕ ಅಚ್ಚು ಹಾಕುವುದು ತಯಾರಕರೇ. ಕ್ಲಬ್ಬುಗಳು 200 ಅಂತ ಗೆರೆ ಎಳೆದ ಮೇಲೆ, ಆ ಗೆರೆಯ ಮೇಲೇ ನಿಂತು ಎಷ್ಟು ಹಿಡಿತ ಕೊಡಬಹುದು ಅಂತ ಕಂಪನಿಗಳು ಪೈಪೋಟಿಗೆ ಬಿದ್ದವು. ಅದರಿಂದಾಗಿ ಒಂದೇ 200 ಅಚ್ಚಿರುವ ಎರಡು ಟೈರುಗಳಲ್ಲಿ ಒಂದು ಇನ್ನೊಂದರ ಅರ್ಧ ದಿನವೂ ಬಾಳದೆ ಹೋಗಬಹುದು. ಆ ಅಂಕದಿಂದ ವರ್ಗಕ್ಕೆ ಸಲ್ಲುತ್ತದೋ ಇಲ್ಲವೋ ಅನ್ನುವುದು ತಿಳಿಯುತ್ತದೆ. ಬಾಳಿಕೆ ಎಷ್ಟು ಅಂತ ಅದನ್ನು ನೋಡಿ ಹೇಳಲಾಗದು.

ಈಗ ಎ052 ವಿಷಯ. ನಿಮ್ಮ ಸ್ನೇಹಿತರು ತಪ್ಪು ಹೇಳಿಲ್ಲ. ಟೈಮ್ ಟ್ರಯಲ್‌ನಲ್ಲಿ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ನಿಮ್ಮ ಅತಿ ವೇಗದ ಒಂದು ಲ್ಯಾಪು. ಇಪ್ಪತ್ತು ಲ್ಯಾಪು ಒಂದೇ ಸಮ ಓಡಿಸಿದವನಿಗಿಂತ ಒಂದೇ ಒಂದು ಲ್ಯಾಪು ಚೊಕ್ಕವಾಗಿ ಓಡಿಸಿದವನು ಮೇಲೆ ಕೂರುತ್ತಾನೆ. ಎ052 ಅದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಬೇಗ ಬಿಸಿಯಾಗುತ್ತದೆ, ಮೊದಲೆರಡು ಬಿಸಿ ಲ್ಯಾಪಿನಲ್ಲೇ ತನ್ನ ಪೂರ್ತಿ ಹಿಡಿತ ಕೊಟ್ಟುಬಿಡುತ್ತದೆ. ಅಷ್ಟರಲ್ಲಿ ಲ್ಯಾಪ್ ಮುಗಿಸಿಕೊಳ್ಳುವವರ ಟೈರು ಅದು. ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಕೂಡ ಹೆಚ್ಚುಕಮ್ಮಿ ಅದೇ ಸಾಲಿನದು. ಇನ್ನು ಆರ್‌ಎಸ್4 ಬಿಸಿಯಾಗಲು ಒಂದೆರಡು ಲ್ಯಾಪು ಹೆಚ್ಚು ಕೇಳುತ್ತದೆ, ಅದರ ಅತ್ಯುತ್ತಮ ಲ್ಯಾಪು ಎ052ಕ್ಕಿಂತ ನಿಧಾನವೇ. ಆದರೆ ಮೂರನೇ ಲ್ಯಾಪಿನಲ್ಲಿ ಹೇಗಿತ್ತೋ ಹನ್ನೊಂದನೇ ಲ್ಯಾಪಿನಲ್ಲೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಟ್ರ್ಯಾಕಿಗೆ ಇಳಿದ ಎರಡನೇ ಲ್ಯಾಪಿನಲ್ಲೇ ನಿಮ್ಮ ಅತ್ಯುತ್ತಮ ಲ್ಯಾಪು ಹಾಕಲು ಈಗ ಬರುತ್ತದೆಯೇ? ನಿಮ್ಮ ಟೈಮರ್‌ನಲ್ಲಿ ಹಿಂದಿನ ದಿನಗಳ ಲ್ಯಾಪ್‌ಗಳನ್ನು ತೆಗೆದು ನೋಡಿ. ನನ್ನ ಮೊದಲ ವರ್ಷದಲ್ಲಿ ಒಂದು ಸೆಷನ್ನಿನೊಳಗೇ ಒಂದು ಲ್ಯಾಪಿಗೂ ಇನ್ನೊಂದಕ್ಕೂ ಮೂರು ಸೆಕೆಂಡ್ ವ್ಯತ್ಯಾಸ ಇರುತ್ತಿತ್ತು. ಬ್ರೇಕ್ ಹಾಕುವ ಜಾಗ ಒಂದೊಂದು ಸಲ ಒಂದೊಂದು ಕಡೆ. ಒಳ್ಳೆಯ ಲ್ಯಾಪು ಬರುತ್ತಿದ್ದದ್ದು ಏಳನೆಯದೋ ಎಂಟನೆಯದೋ ಆಗಿರುತ್ತಿತ್ತು. ಆ ಹೊತ್ತಿಗೆ ಮೊದಲೆರಡು ಲ್ಯಾಪಿನಲ್ಲಿ ಪೂರ್ತಿ ಕೊಟ್ಟುಬಿಡುವ ಟೈರು ಬಿಸಿ ಮೀರಿ ಜಾರಲು ಶುರುವಾಗಿರುತ್ತದೆ. ಸಮಯ ಏರಿದರೆ ತಪ್ಪು ಕೈಯದೋ ರಬ್ಬರಿನದೋ ಅಂತಲೇ ಗೊತ್ತಾಗುವುದಿಲ್ಲ. ಕಲಿಯುವ ವರ್ಷದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಕಾರಣ ಶಬ್ದ. ಊರಲ್ಲಿ ಲಾರಿ ಡಾಬಾ ಮುಂದೆ ನಿಂತ ಕೂಡಲೇ ಕ್ಲೀನರ್ ಇಳಿದು ರಾಡು ಹಿಡಿದು ಒಂದೊಂದೇ ಚಕ್ರಕ್ಕೆ ಬಡಿದು ಕಿವಿಗೊಡುವುದನ್ನು ನೋಡಿರುತ್ತೀರಿ. ಗಾಳಿ ಇಳಿದ ಟೈರು ಯಾವುದು ಅಂತ ಆ ಶಬ್ದದಲ್ಲೇ ಅವನಿಗೆ ತಿಳಿಯುತ್ತದೆ. ಟ್ರ್ಯಾಕಿನಲ್ಲೂ ಟೈರಿನ ಶಬ್ದಕ್ಕೆ ಕಿವಿ ಪಳಗಬೇಕು. ಸ್ವಲ್ಪ ಗಟ್ಟಿ ರಬ್ಬರಿನ ಟೈರು ತಿರುವಿನಲ್ಲಿ ಮೊದಲು ಸಣ್ಣಗೆ ಗುಂಯ್ ಅನ್ನುತ್ತದೆ. ಇನ್ನೂ ಒತ್ತಿದರೆ ಸ್ವರ ಏರುತ್ತದೆ, ಮಿತಿ ದಾಟಿದರೆ ಕರ್ಕಶವಾಗಿ ಕಿರುಚುತ್ತದೆ. ಈ ಮೂರು ಹಂತ ಕಿವಿಗೂ ಸೊಂಟಕ್ಕೂ ರೂಢಿಯಾದರೆ ಮುಂದೆ ಯಾವ ಟೈರು ಹಾಕಿದರೂ ಕಾರು ಜಾರುವ ಮುಂಚೆಯೇ ತಿಳಿಯುತ್ತದೆ. ರೇಸ್ ರಬ್ಬರು ಹೆಚ್ಚು ಸದ್ದು ಮಾಡುವುದಿಲ್ಲ. ಹಿಡಿದಷ್ಟೂ ಹಿಡಿದು, ಬಿಟ್ಟಾಗ ಥಟ್ಟನೆ ಬಿಡುತ್ತದೆ. ಹಾಗೆ ಬಿಡುವ ಹೊತ್ತಿಗೆ ಕಾರಿನ ವೇಗವೂ ಹೆಚ್ಚೇ ಇರುತ್ತದೆ. ಜೊತೆಗೆ, ಹಿಡಿತ ಏರಿದಷ್ಟೂ ಉದ್ದ ತಿರುವುಗಳಲ್ಲಿ ಎಂಜಿನ್ ಎಣ್ಣೆ ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಹೋಗುವ ಅಪಾಯವೂ ಏರುತ್ತದೆ. ಮಾಮೂಲಿ ಎಣ್ಣೆ ತೊಟ್ಟಿಯ ಕಾರಿಗೆ ಹೂಸಿಯರ್ ಹಾಕು ಅನ್ನುವವರು ಇದನ್ನೂ ಹೇಳಬೇಕಿತ್ತು.

ಥಂಡರ್‌ಹಿಲ್ ಬಗ್ಗೆ ಸ್ವಲ್ಪ. ಪೂರ್ವದ ಟ್ರ್ಯಾಕಿನಲ್ಲಿ ಓಡುವುದು ಗಡಿಯಾರದ ಮುಳ್ಳಿಗೆ ಎದುರಾಗಿ, ಸುಮಾರು 3 ಮೈಲಿ, 15 ತಿರುವು. ಒಂದನೆಯದು ವೇಗದ ಎಡ ತಿರುವು. ಎರಡನೆಯದು ಮುಗಿಯುವುದೇ ಇಲ್ಲವೇನೋ ಅನಿಸುವಷ್ಟು ಉದ್ದದ ಎಡ ತಿರುವು. ಎಂಟು ಬಂದರೆ ಮತ್ತೆ ವೇಗದ ಎಡ. ಎಡಕ್ಕೆ ತಿರುಗಿದಷ್ಟೂ ಭಾರ ಬಲಗಡೆಗೆ ಬೀಳುತ್ತದೆ. ಹೀಗಾಗಿ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಯುವುದು ಮುಂದಿನ ಬಲ ಟೈರು. ಬೇಸಿಗೆಯಲ್ಲಿ ಟ್ರ್ಯಾಕ್ ಇರುವ ವಿಲೋಸ್ ಊರಿನ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಮಾರ್ಚಿನಲ್ಲಿ ಚೆನ್ನಾಗಿ ಓಡಿದ ಮೆತ್ತನೆ ರಬ್ಬರು ಜುಲೈ ಮಧ್ಯಾಹ್ನ ಅಲ್ಲಿ ಬೆಣ್ಣೆ ಸವರಿದ ಹಾಗೆ ಆಗುತ್ತದೆ.

ಅಂಥದೇ ಒಂದು ಜುಲೈ ಮಧ್ಯಾಹ್ನ ನಾನು ಕಲಿತದ್ದನ್ನು ಹೇಳುತ್ತೇನೆ. ಹೊಸ ಟೈರು ಹಾಕಿಸಿ ಎರಡನೇ ದಿನ. ಗಾಳಿಯನ್ನು ಬಾಗಿಲಿನ ಅಂಚಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಹಿಡಿಸಿದ್ದೆ. ಐದನೇ ಲ್ಯಾಪಿನಿಂದ ಮೂತಿ ತಿರುಗುವುದೇ ನಿಂತಿತು, ಸ್ಟೀರಿಂಗ್ ಎಳೆದಷ್ಟೂ ಕಾರು ನೇರ ಹೊರಗೆ ಹೋಗುತ್ತಿತ್ತು. ಟೈರು ಸರಿಯಿಲ್ಲ ಅಂತಲೇ ನನ್ನ ನಿರ್ಧಾರ. ಪಿಟ್‌ಗೆ ಬಂದಾಗ ಪಕ್ಕದ ಕಾರಿನ ಹಿರಿಯರೊಬ್ಬರು ಮೊಣಕಾಲೂರಿ ಕೂತು, ಬಿಸಿ ಅಳೆಯುವ, ಸೂಜಿಯಂಥ ಮೊನೆಯಿರುವ ಪೈರೊಮೀಟರನ್ನು ಮುಂದಿನ ಬಲ ಟೈರಿನ ರಬ್ಬರಿಗೆ ಮೂರು ಕಡೆ ಚುಚ್ಚಿದರು. ಹೊರ ಅಂಚು 104 ಡಿಗ್ರಿ ಸೆಲ್ಸಿಯಸ್, ನಡುವೆ 96, ಒಳ ಅಂಚು 79. ಗಾಳಿ ನೋಡಿದರೆ 43 ಪಿಎಸ್‌ಐ. ಹೊರ ಅಂಚಿನಲ್ಲಿ ರಬ್ಬರು ಅಕ್ಕಿ ಶಾವಿಗೆ ಎಳೆಗಳ ಹಾಗೆ ಸುರುಳಿ ಸುತ್ತಿತ್ತು. ಅವರು ಏನೂ ಹೇಳದೆ ಗಾಳಿಯನ್ನು 33ಕ್ಕೆ ಇಳಿಸಿ, ಆ ಅಂಚಿನ ಮೇಲೆ ಚಾಕ್‌ಪೀಸಿನಿಂದ ನಾಲ್ಕು ಅಡ್ಡ ಗೆರೆ ಎಳೆದು ಕಳಿಸಿದರು. ಮುಂದಿನ ಸೆಷನ್ ಮುಗಿಸಿ ಬಂದಾಗ ಚಾಕಿನ ಗೆರೆ ಪಕ್ಕದ ಗೋಡೆಯ ಮೇಲಿನ ಸಣ್ಣ ತ್ರಿಕೋನದ ಗುರುತಿನ ಹತ್ತಿರದವರೆಗೆ ಮಾತ್ರ ಅಳಿಸಿತ್ತು, ಅಂದರೆ ಟೈರು ಅಲ್ಲಿಯವರೆಗಷ್ಟೇ ನೆಲಕ್ಕೆ ತಾಗುತ್ತಿತ್ತು. ಅದೇ ಟೈರಿನಲ್ಲಿ, ಅದೇ ಬಿಸಿಲಿನಲ್ಲಿ ಸುಮಾರು ಎರಡು ಸೆಕೆಂಡ್ ಇಳಿದಿತ್ತು.

ಆ ಮೂರು ಅಂಕಿಯಲ್ಲಿ ಎಲ್ಲ ಇತ್ತು. ಹೊರಗೂ ಒಳಗೂ 25 ಡಿಗ್ರಿ ವ್ಯತ್ಯಾಸ ಅಂದರೆ ತಿರುವಿನಲ್ಲಿ ಟೈರು ಹೊರ ಅಂಚಿನ ಮೇಲೆ ನಿಂತಿತ್ತು, ಒಳಗಿನ ಅರ್ಧ ರಬ್ಬರು ಕೆಲಸವನ್ನೇ ಮಾಡುತ್ತಿರಲಿಲ್ಲ. ನಮ್ಮ ಕಾರಿನ ಮುಂದಿನ ಚಕ್ರಗಳಿಗೆ ಕಾರ್ಖಾನೆಯಿಂದ ಬರುವಾಗ ಕ್ಯಾಂಬರ್ ಹೆಚ್ಚುಕಮ್ಮಿ ಸೊನ್ನೆ. ಕ್ಯಾಂಬರ್ ಬೋಲ್ಟ್ ಹಾಕಿಸಿದರೆ ಮೈನಸ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಹಾಗೆ) ಒಂದೂವರೆ ಡಿಗ್ರಿ ಆಸುಪಾಸು ಸಿಗುತ್ತದೆ, ಕ್ಯಾಂಬರ್ ಪ್ಲೇಟ್ ಹಾಕಿಸಿದರೆ ಮೈನಸ್ ಮೂರರ ತನಕ ಹೋಗಬಹುದು. ಇದನ್ನು ಮಾಡಿಸದೆ ದುಬಾರಿ ಟೈರು ಹಾಕಿದರೆ ಅದರ ಹೊರ ಅಂಚು ಎರಡೇ ದಿನದಲ್ಲಿ ಬೋಳಾಗಿ, ಒಳಗಡೆ ಹೊಸದರ ಹಾಗೇ ಉಳಿಯುತ್ತದೆ. ಅರ್ಧ ಟೈರಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ. ಕ್ಯಾಂಬರ್‌ಗೆ ಹಾಕುವ ಹಣ ಟೈರಿನ ಖರ್ಚಿನಲ್ಲೇ ವಾಪಸ್ಸು ಬರುತ್ತದೆ ಅಂತ ನಾನು ಹೇಳುವುದು ಇದಕ್ಕೆ. ಪ್ಲೇಟ್ ಹಾಕಿಸಿದ ಮೇಲೆ ನನ್ನ ಆರ್‌ಎಸ್4 ಸೆಟ್ಟು 13 ಟ್ರ್ಯಾಕ್ ದಿನ ಬಂತು.

ಗಾಳಿಯ ಅಭ್ಯಾಸ ಹೀಗಿರಲಿ. ಬೆಳಗ್ಗೆ ತಣ್ಣಗಿರುವಾಗ 27 ಪಿಎಸ್‌ಐ ಹಿಡಿಸಿ ಹೊರಡಿ, ಸೆಷನ್ ಮುಗಿದ ತಕ್ಷಣ, ಟೈರು ಆರುವ ಮುಂಚೆ ಅಳೆದು 32ರಿಂದ 34ರೊಳಗೆ ತನ್ನಿ. ಬಿಸಿ 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಸುಮಾರು 1 ಪಿಎಸ್‌ಐ ಏರುತ್ತದೆ, ಆದ್ದರಿಂದ ಮಧ್ಯಾಹ್ನ ಮತ್ತೆ ಇಳಿಸಬೇಕಾಗುತ್ತದೆ. ಸಂಜೆ ಮನೆಗೆ ಹೊರಡುವ ಮುಂಚೆ ಮರೆಯದೆ ತುಂಬಿಸಿಕೊಳ್ಳಿ, ಆರಿದ ಮೇಲೆ ಹೆದ್ದಾರಿಗೆ ಅದು ತೀರಾ ಕಡಿಮೆಯಾಗಿರುತ್ತದೆ. ಪ್ರತಿ ಸಲದ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಅಳತೆಗೆ ಬರೋಣ. 18 ಇಂಚಿನ ರಿಮ್ ಬಿಟ್ಟು 17ಕ್ಕೆ ಇಳಿಯಿರಿ, ಟೈರಿನ ಬೆಲೆ ಇಳಿಯುತ್ತದೆ, ಆಯ್ಕೆಯೂ ಹೆಚ್ಚು. 9 ಇಂಚು ಅಗಲದ ರಿಮ್ ಇದ್ದರೆ 245/40ಆರ್17 (245 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ) ನೆಟ್ಟಗೆ ಕೂರುತ್ತದೆ. ಕಂಪನಿಯ ಏಳೂವರೆ ಇಂಚಿನ ರಿಮ್ಮಿಗೆ 245 ತುರುಕಬೇಡಿ, ಪಕ್ಕದ ಗೋಡೆ ಒಳಕ್ಕೆ ಹಿಂಡಿಕೊಂಡು ತಿರುವಿನಲ್ಲಿ ತೂಗಾಡುತ್ತದೆ. ಬೇರೆ ರಿಮ್ ಈ ವರ್ಷ ಆಗದಿದ್ದರೆ ಕಂಪನಿ ಅಳತೆಯಲ್ಲೇ ಇರಿ, ಏನೂ ತೊಂದರೆಯಿಲ್ಲ.

ಅಗ್ಗಕ್ಕೆ ಸಿಗುತ್ತದೆ ಅಂತ ಬಳಸಿದ ಟೈರು ತಗೊಳ್ಳಬೇಡಿ. ನಾನು ಒಮ್ಮೆ ತಗೊಂಡೆ. ಮೇಲೆ ರಬ್ಬರು ತುಂಬ ಇತ್ತು, ನೋಡಲು ಚೆನ್ನಾಗಿತ್ತು. ಟ್ರ್ಯಾಕಿನಲ್ಲಿ ಹಿಡಿತವೇ ಇರಲಿಲ್ಲ. ಆಮೇಲೆ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಆರು ವರ್ಷ ಹಳೆಯದು. ಟೈರು ಒಂದೊಂದು ಸಲ ಕಾದು ಆರಿದಾಗಲೂ ರಬ್ಬರು ಸ್ವಲ್ಪ ಗಟ್ಟಿಯಾಗುತ್ತಾ ಹೋಗುತ್ತದೆ, ಆ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ. ಹೊಸದನ್ನೇ ತಗೊಳ್ಳಿ, ಮೊದಲ ಸೆಷನ್ ಹಗುರವಾಗಿ ಓಡಿಸಿ, ಸಾಧ್ಯವಾದರೆ ಆಮೇಲೆ ಒಂದು ದಿನ ಓಡಿಸದೆ ಹಾಗೇ ಬಿಡಿ. ಮಳೆಯ ದಿನಕ್ಕೆ ಕಂಪನಿಯ ಹಳೆ ಟೈರು ರಿಮ್ ಸಮೇತ ಗ್ಯಾರೇಜಿನಲ್ಲಿ ಇಟ್ಟುಕೊಂಡಿರಿ. ಸವೆದ ಟ್ರ್ಯಾಕ್ ಟೈರು ನೀರಿನ ಮೇಲೆ ತೇಲುತ್ತದೆ.

ಇದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿರುವವರು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಕಾರು ಒಯ್ಯುವವರು ಇದ್ದರೆ, ಮೇಲೆ ಹೇಳಿದ ಟೈರುಗಳೆಲ್ಲ ನಿಮಗೆ ಸುಲಭಕ್ಕೆ ಸಿಗಲಿಕ್ಕಿಲ್ಲ. ಆದರೆ ಗಾಳಿ, ಕ್ಯಾಂಬರ್, ಚಾಕ್‌ಪೀಸು ಮೂರೂ ಅಲ್ಲಿಯ ಬಿಸಿಲಿಗೂ ಹೀಗೇ ಅನ್ವಯಿಸುತ್ತವೆ.

ಎ052ಕ್ಕೆ ಯಾವಾಗ ಹೋಗಬೇಕು ಅಂತ ಕೇಳಿದರೆ, ಒಂದು ಸೆಷನ್ನಿನಲ್ಲಿ ಸತತ ಐದು ಲ್ಯಾಪು ಅರ್ಧ ಸೆಕೆಂಡಿನೊಳಗೆ ಬರತೊಡಗಿದಾಗ. ಆಗಲೂ ಅಭ್ಯಾಸದ ದಿನಗಳಿಗೆ ಆರ್‌ಎಸ್4 ಇರಲಿ, ಎ052 ಸೆಟ್ಟನ್ನು ಸ್ಪರ್ಧೆಯ ದಿನ ಮಾತ್ರ, ಬೆಳಗಿನ ತಂಪಿನ ಸೆಷನ್ನಿಗೆ ಹಾಕಿ. ಹೊರಬರುವ ಲ್ಯಾಪು, ಎರಡು ಪೂರ್ತಿ ಲ್ಯಾಪು, ಅಷ್ಟಕ್ಕೇ ಒಳಗೆ ಬನ್ನಿ.

ಸದ್ಯಕ್ಕೆ ನಿಮ್ಮ ಮುಂದಿನ ಬಲ ಟೈರಿನ ಹೊರ ಅಂಚಿನದೊಂದು ಫೋಟೊ, ಕೊನೆಯ ಅಲೈನ್‌ಮೆಂಟ್ ಚೀಟಿ, ಸೇರಲಿರುವ ವರ್ಗದ ಹೆಸರು ಕೆಳಗೆ ಹಾಕಿ. ನೋಡಿ ಕ್ಯಾಂಬರ್ ಎಷ್ಟು ಬೇಕು ಅಂತ ಹೇಳುತ್ತೇನೆ.