ಮೇಲಿನ ಟೇಬಲ್‌ಗೆ ಹೋಗುವ ಹೊತ್ತು ಯಾವುದು?

ಪ್ರಶ್ನೆ: ಕೆಲವು ತಿಂಗಳಿನಿಂದ ಆನ್‌ಲೈನ್‌ನಲ್ಲಿ ಆರು ಜನರ ನೋ-ಲಿಮಿಟ್ ಹೋಲ್ಡೆಮ್ ಪೋಕರ್ ಆಡುತ್ತಿದ್ದೇನೆ. ಅತಿ ಕೆಳಗಿನ ಮಟ್ಟದಲ್ಲಿ 12,000 ಹ್ಯಾಂಡ್ (ಎಲೆ ಹಂಚಿದ ಒಂದೊಂದು ಸುತ್ತಿನ ಆಟ) ಆಡಿದ್ದು, ನೂರು ಹ್ಯಾಂಡಿಗೆ 8 ಬಿಗ್ ಬ್ಲೈಂಡ್‌ನಂತೆ (ಪ್ರತಿ ಹ್ಯಾಂಡಿನ ಆರಂಭದಲ್ಲಿ ಒಬ್ಬರು ಕಟ್ಟಲೇಬೇಕಾದ ಪಣ) ಗೆದ್ದಿದ್ದೇನೆ. 12 ಬೈ-ಇನ್‌ನಿಂದ (ಒಂದು ಬೈ-ಇನ್ ಎಂದರೆ ಟೇಬಲ್‌ಗೆ ಕೂರುವಾಗ ತರುವ 100 ಬಿಗ್ ಬ್ಲೈಂಡ್) ಆರಂಭಿಸಿದ ಗಂಟು ಈಗ 22ರ ಹತ್ತಿರ ಬಂದಿದೆ. ಮುಂದಿನ ಮಟ್ಟದಲ್ಲಿ ಪಣ ಸರಿಯಾಗಿ ಇಮ್ಮಡಿ. ಈಗ ಮೇಲಕ್ಕೆ ಹೋಗಬಹುದೇ, ಇನ್ನೂ ಕಾಯಬೇಕೇ?

ಉತ್ತರ: ಇನ್ನೂ ಸ್ವಲ್ಪ ಕಾಯಿರಿ. ನೀವಿರುವ ಕಡೆ ಈ ಆಟಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದೂ, ಗಂಟಿನಲ್ಲಿರುವುದು ಸಂಸಾರದ ಖರ್ಚಿನ ಹಣವಲ್ಲವೆಂದೂ ಭಾವಿಸಿ ಉತ್ತರಿಸುತ್ತಿದ್ದೇನೆ.

ನಿಮ್ಮ 8 ಎಂಬ ಅಂಕಿಯನ್ನು ನಾನು ಅನುಮಾನಿಸುವುದು ನಿಮ್ಮ ಆಟ ಕೆಟ್ಟದೆಂದಲ್ಲ, ಹ್ಯಾಂಡ್‌ಗಳ ಸಂಖ್ಯೆ ಸಾಲದೆಂದು. ಆರು ಜನರ ನೋ-ಲಿಮಿಟ್ ಆಟದಲ್ಲಿ ಏರಿಳಿತ ಎಷ್ಟಿರುತ್ತದೆಂದರೆ, ಪ್ರಮಾಣಿತ ವಿಚಲನೆ (ಫಲಿತಾಂಶ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆಂಬ ಅಳತೆ) ನೂರು ಹ್ಯಾಂಡಿಗೆ ಸುಮಾರು 90 ಬಿಗ್ ಬ್ಲೈಂಡ್ ಇರುವುದು ಸಾಮಾನ್ಯ. ಆ ಲೆಕ್ಕದಲ್ಲಿ 12,000 ಹ್ಯಾಂಡ್‌ಗಳ ನಂತರವೂ ನಿಮ್ಮ ಗೆಲುವಿನ ದರದಲ್ಲಿ 8ರಷ್ಟು ಪ್ರಮಾಣಿತ ದೋಷ, ಅಂದರೆ ಆ ಅಂಕಿಯ ಅನಿಶ್ಚಿತತೆ, ಉಳಿದಿರುತ್ತದೆ. ಅದರ ಎರಡು ಪಟ್ಟನ್ನು ಎರಡೂ ಕಡೆ ಬಿಟ್ಟುಕೊಂಡರೆ ನಿಮ್ಮ ನಿಜವಾದ ದರ 24 ಇರಬಹುದು, ಅಥವಾ ನೀವು ನೂರು ಹ್ಯಾಂಡಿಗೆ 8 ಬ್ಲೈಂಡ್ ಸೋಲುವ ಆಟಗಾರರೇ ಆಗಿದ್ದು ಇಷ್ಟು ದಿನ ಎಲೆಗಳು ಕೈಹಿಡಿದಿರಲೂಬಹುದು. ಒಂದು ಲಕ್ಷ ಹ್ಯಾಂಡ್ ಆಡಿದ ಮೇಲೂ ಈ ದೋಷ 3ರ ಆಸುಪಾಸಿಗೆ ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಇದನ್ನು ಕಣ್ಣಾರೆ ಕಾಣಬೇಕೆಂದರೆ ನೀವು ಗೆದ್ದ ಹತ್ತು ಅತಿ ದೊಡ್ಡ ಪಾಟ್‌ಗಳನ್ನು (ಒಂದು ಹ್ಯಾಂಡಿನಲ್ಲಿ ಎಲ್ಲರೂ ಕಟ್ಟಿದ ಒಟ್ಟು ಹಣ) ತೆರೆದು ನೋಡಿ. ನಿಮ್ಮ ಒಟ್ಟು ಲಾಭವೇ ಸುಮಾರು ಹತ್ತು ಬೈ-ಇನ್. ಎರಡು ಎಕ್ಕ ಹಿಡಿದು ಎದುರಾಳಿಯ ಎರಡು ರಾಜಗಳ ವಿರುದ್ಧ ಫ್ಲಾಪ್‌ಗೆ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆಗಳು ತೆರೆಯುವುದಕ್ಕೆ) ಮೊದಲೇ ಆಲ್-ಇನ್ ಆದವರು, ಎಂದರೆ ಇದ್ದದ್ದೆಲ್ಲ ಕಟ್ಟಿದವರು, ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಆ ಉಳಿದ 18 ನಿಮಗಿನ್ನೂ ಎದುರಾಗಿಲ್ಲದಿರಬಹುದು. ಫ್ಲಾಪ್‌ನಲ್ಲಿ ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಇನ್ನೊಂದೇ ಎಲೆ ಬೇಕಿದ್ದಾಗ ಎಲ್ಲವನ್ನೂ ಮುಂದೆ ತಳ್ಳಿದ್ದು, ಆ ಎಲೆ ಟರ್ನ್ ಅಥವಾ ರಿವರ್‌ನಲ್ಲಿ (ನಾಲ್ಕನೆಯ ಅಥವಾ ಕೊನೆಯ ಐದನೆಯ ಎಲೆಯಾಗಿ) ಬಂದು ಗೆದ್ದದ್ದು ಎಷ್ಟು ಸಲ ಎಂದು ಎಣಿಸಿ. ಆ ಎಲೆ ಬರುವ ಸಂಭವ ನೂರಕ್ಕೆ 35ರಷ್ಟು ಮಾತ್ರ. ಇಂಥ ಮೂರು ಪಾಟ್‌ಗಳು ಎದುರಾಳಿಯ ಕಡೆ ಸರಿದಿದ್ದರೆ ನಿಮ್ಮ ಪ್ರಶ್ನೆಯೇ ಬೇರೆಯಾಗಿರುತ್ತಿತ್ತು.

ಇನ್ನು ಗಂಟಿನ ಮಾತು. ಮೇಲಿನ ಮಟ್ಟದಲ್ಲಿ ನಿಮ್ಮ 22 ಬೈ-ಇನ್ ಬರೀ 11 ಆಗುತ್ತದೆ. ಅಲ್ಲಿ ನೀವು ನೂರು ಹ್ಯಾಂಡಿಗೆ 3 ಬ್ಲೈಂಡ್ ಗೆಲ್ಲಬಲ್ಲವರೇ ಎಂದಿಟ್ಟುಕೊಂಡರೂ, ಕೆಳಗಿಳಿಯದೆ ಆಡುತ್ತಲೇ ಹೋದರೆ ಗಂಟು ಪೂರ್ತಿ ಕರಗುವ ಸಂಭವ ನೂರಕ್ಕೆ 44ರಷ್ಟಾಗುತ್ತದೆ. ಅದೇ ಆಟಗಾರನ ಬಳಿ 22 ಬೈ-ಇನ್ ಇದ್ದರೆ ಅದು 20ಕ್ಕೂ, 40 ಇದ್ದರೆ 5ಕ್ಕೂ ಇಳಿಯುತ್ತದೆ. 2006ರಲ್ಲಿ ಅಮೆರಿಕದ ವೃತ್ತಿಪರ ಪೋಕರ್ ಆಟಗಾರ ಕ್ರಿಸ್ ಫರ್ಗ್ಯುಸನ್ ಬರಿಗೈಯಲ್ಲಿ ಆರಂಭಿಸಿ 10,000 ಡಾಲರ್ ಮುಟ್ಟುವ ಸವಾಲು ಹಾಕಿಕೊಂಡಾಗ, ಕ್ಯಾಶ್ ಆಟಕ್ಕೆ (ಟೂರ್ನಮೆಂಟ್ ಅಲ್ಲದ, ನೀವು ಆಡುವಂಥ ಆಟಕ್ಕೆ) ಒಟ್ಟು ಹಣದ ನೂರಕ್ಕೆ 5ಕ್ಕಿಂತ ಹೆಚ್ಚು ಇಡುವುದಿಲ್ಲವೆಂಬ ಕಟ್ಟುಪಾಡು ಮಾಡಿಕೊಂಡಿದ್ದರು; ಎಂದರೆ ಕನಿಷ್ಠ 20 ಬೈ-ಇನ್. ಟೂರ್ನಮೆಂಟ್‌ಗಳಲ್ಲಿ ಏರಿಳಿತ ಇನ್ನೂ ಹೆಚ್ಚಾದ್ದರಿಂದ ಅಲ್ಲಿ ನೂರು ಬೈ-ಇನ್ ಇಟ್ಟುಕೊಂಡರೂ ಅತಿಯಾಗದು.

ನಾನು ನಿಮ್ಮ ಸ್ಥಾನದಲ್ಲಿದ್ದರೆ ಈಗಿನ ಮಟ್ಟದ 30 ಬೈ-ಇನ್ ಆಗುವವರೆಗೆ ಇಲ್ಲೇ ಆಡಿ, ಆಮೇಲೆ ಮೇಲಿನ ಮಟ್ಟದ 3 ಬೈ-ಇನ್‌ಗಳನ್ನು ಮಾತ್ರ ಪರೀಕ್ಷೆಗೆಂದು ತೆಗೆದಿಡುತ್ತಿದ್ದೆ. ಅವು ಹೋದರೆ ಈಗಿನ ಲೆಕ್ಕದಲ್ಲಿ 6 ಹೋದಂತೆ. 24 ಉಳಿದಿರುತ್ತದೆ, ಮರುದಿನ ಹಳೆಯ ಟೇಬಲ್‌ನಲ್ಲಿ ಅಳುಕಿಲ್ಲದೆ ಕೂರಬಹುದು. ಗಂಟು ಈಗಿನ ಮಟ್ಟದ 50 ಬೈ-ಇನ್ ದಾಟಿದ ಮೇಲೆ ಮೇಲೆಯೇ ನೆಲೆ ನಿಂತರಾಯಿತು. ಯಾವ ಅಂಕಿಗೆ ಇಳಿಯಬೇಕೆಂಬುದನ್ನು ಹತ್ತುವ ಮೊದಲೇ ಕಾಗದದ ಮೇಲೆ ಬರೆದಿಡಿ, ಏಕೆಂದರೆ ಎರಡು ಬೈ-ಇನ್ ಕಳೆದುಕೊಂಡು ಕೂತಾಗ ಆ ಅಂಕಿಯನ್ನು ನಿರ್ಧರಿಸುವವರು ನೀವಾಗಿರುವುದಿಲ್ಲ, ನಿಮ್ಮ ಸಿಟ್ಟಾಗಿರುತ್ತದೆ. ಹತ್ತುವ ವಿಚಾರವನ್ನು ಎಲ್ಲರೂ ಕೇಳುತ್ತಾರೆ. ಇಳಿಯುವುದು ಯಾವಾಗ ಎಂದು ಕೇಳಿ ಬರೆದವರು ನನ್ನ ನೆನಪಿನಲ್ಲಂತೂ ಇಲ್ಲ.

ಪರೀಕ್ಷೆಯ ದಿನಗಳಲ್ಲಿ ಹಣಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ನಿಮ್ಮ ಕೈ ಹಿಂಜರಿಯುತ್ತದೆಯೇ ಎಂಬುದನ್ನು. ರಿವರ್‌ನಲ್ಲಿ ಒಳ್ಳೆಯ ಜೋಡಿಯಿದ್ದು, ಕೆಳಗಿನ ಟೇಬಲ್ ಆಗಿದ್ದರೆ ಯೋಚಿಸದೆ ಅರ್ಧ ಪಾಟ್ ಕಟ್ಟುತ್ತಿದ್ದವರು, ಇಲ್ಲಿ ಮೊತ್ತ ದೊಡ್ಡದಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಏನೂ ಕಟ್ಟದೆ ಚೆಕ್ ಮಾಡಿದರೆ, ನೀವು ಆ ಮಟ್ಟಕ್ಕೆ ಇನ್ನೂ ಬಂದಿಲ್ಲ. ಒಮ್ಮೆಗೇ ನಾಲ್ಕು ಟೇಬಲ್ ಆಡುವ ಅಭ್ಯಾಸವಿದ್ದರೆ ಅವುಗಳಲ್ಲಿ ಒಂದನ್ನು ಮಾತ್ರ ಹೊಸ ಮಟ್ಟದ್ದಾಗಿ ಮಾಡಿಕೊಳ್ಳಿ.

ಪ್ರಶ್ನೆ: ಕೆಳಗಿನ ಮಟ್ಟದಲ್ಲಿ ನಾನೆಷ್ಟು ರೇಸ್ ಮಾಡಿ ಪಣ ಏರಿಸಿದರೂ ಯಾರೂ ಎಲೆ ಬಿಡುವುದಿಲ್ಲ, ಯಾವ ಬ್ಲಫ್ಫೂ ನಡೆಯುವುದಿಲ್ಲ. ಆಟ ತಿಳಿದವರ ನಡುವೆ ಕೂತರೆ ನನಗೆ ಗೆಲುವು ಸುಲಭವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಎಲೆ ಬಿಡದವರೇ ನಿಮಗೆ ಹಣ ಕೊಡುವವರು. ಅವರೆದುರು ಬ್ಲಫ್ ಬಿಟ್ಟು, ಒಳ್ಳೆಯ ಎಲೆ ಬಂದಾಗ ದೊಡ್ಡದಾಗಿ ಕಟ್ಟುವುದಷ್ಟೇ ಕೆಲಸ. ಅಷ್ಟು ಮಾಡಿಯೂ ಅವರಿಂದ ಗೆಲ್ಲಲಾಗದಿದ್ದರೆ, ನಿಮ್ಮ ಬ್ಲಫ್ಫನ್ನು ಗುರುತಿಸಿ ಮೂರು ಪಟ್ಟು ಏರಿಸುವವರ ಎದುರು ಗೆಲ್ಲುವಿರೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ನಿಮ್ಮ ದೂರಿನಲ್ಲಿ ಒಂದು ನಿಜವಾದ ಅಂಶ ಇರಬಹುದು: ಕೆಳಗಿನ ಟೇಬಲ್‌ಗಳಲ್ಲಿ ರೇಕ್ (ಆಟ ನಡೆಸುವವರು ಪಾಟ್‌ನಿಂದ ತೆಗೆದುಕೊಳ್ಳುವ ಪಾಲು), ಬ್ಲೈಂಡ್‌ನ ಲೆಕ್ಕದಲ್ಲಿ, ಮೇಲಿನವಕ್ಕಿಂತ ಭಾರ. ಪ್ರತಿ ನೂರು ಹ್ಯಾಂಡಿಗೆ ನೀವು ಎಷ್ಟು ರೇಕ್ ತೆರುತ್ತಿದ್ದೀರೆಂದು ತೆಗೆದು ನೋಡಿ. ರೇಕ್ ಕಳೆಯುವ ಮೊದಲು ಗೆಲುವಿದ್ದು ಕಳೆದ ಮೇಲೆ ಸೋಲು ಕಂಡರೆ, ಮೊದಲು ಮಾಡಬೇಕಾದದ್ದು ಬ್ಲೈಂಡ್ ಜಾಗಗಳಿಂದ ಸುಮ್ಮನೆ ಕಾಲ್ ಮಾಡಿ (ಎದುರಾಳಿ ಕಟ್ಟಿದಷ್ಟೇ ಕಟ್ಟಿ) ಚಿಕ್ಕ ಪಾಟ್‌ಗಳಿಗೆ ಹೋಗುವುದನ್ನು ಕಡಿಮೆ ಮಾಡುವುದು.